ಬಾಣಂತಿ ಸತ್ತರೆ ಯಾರನ್ನು ಕೇಳಬೇಕು?

ನ್ಯೂಜರ್ಸಿಯ ಹ್ಯಾರಿಸನ್‌ನಲ್ಲಿ ಬಾಣಂತನ ಮಾಡಲೆಂದು ಊರಿನಿಂದ ಬಂದ ಅಮ್ಮಂದಿರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಪಾತ್ ರೈಲು ನಿಲ್ದಾಣದ ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳ ನಡುವೆ, ಪಸೇಯಿಕ್ ನದಿಯ ಕಡೆಗೆ ಹೋಗುವ ದಾರಿಯಲ್ಲಿ, ಸೀರೆಯ ಮೇಲೆ ಅಳಿಯನ ದಪ್ಪ ಜಾಕೆಟ್ ತೊಟ್ಟು, ಕಾಲಿಗೆ ಬಿಳಿ ಶೂ ಹಾಕಿಕೊಂಡು ಮೊಮ್ಮಗುವಿನ ಗಾಡಿ ತಳ್ಳುತ್ತಿರುತ್ತಾರೆ. ಎದುರಿಗೆ ಬಂದವರು ನಮ್ಮ ಕಡೆಯವರು ಎಂದು ಅನಿಸಿದರೆ ಸಾಕು, ‘ಯಾವೂರಾಯ್ತು?’ ಎಂಬಲ್ಲಿಂದ ಮಾತು ಶುರು. ಇಲ್ಲಿರಲು ಅನುಮತಿ ಆರು ತಿಂಗಳದ್ದು. ಸೂಟ್‌ಕೇಸಿನ ಅರ್ಧ ಭಾಗ ಒಣಶುಂಠಿ, ಓಮ, ಬಜೆ, ಅಂಟು, ಕೊಬ್ಬರಿ, ಬಾಣಂತಿ ಖಾರದ ಪುಡಿ. ಸಾಂಬ್ರಾಣಿ ತಂದವರೂ ಇದ್ದಾರೆ. ಮಗುವಿಗೆ ಒಂದು ಸಲ ಹೊಗೆ ಹಾಕಿದ ಮೇಲೆ ಅದರ ಗೊಡವೆಗೆ ಹೋಗುವುದಿಲ್ಲ. ಸೂರಿನಲ್ಲಿರುವ ಹೊಗೆ ಅಲಾರಂ ಇಡೀ ಮಹಡಿಯನ್ನು ಎಬ್ಬಿಸಿ ಕೂರಿಸುತ್ತದೆ.

ಒಂದು ಕಾಲಕ್ಕೆ ಈ ಹ್ಯಾರಿಸನ್ ಬರೀ ಕಾರ್ಖಾನೆಗಳ ಊರು. ಎಡಿಸನ್ ಕಂಪನಿಯ ಬಲ್ಬು ಇಲ್ಲಿ ತಯಾರಾಗುತ್ತಿತ್ತು, ಆರ್‌ಸಿಎ ರೇಡಿಯೊ ವಾಲ್ವುಗಳೂ ಇಲ್ಲೇ. ಆ ಕಾರ್ಖಾನೆಗಳು ಮುಚ್ಚಿದವು. ಖಾಲಿ ಬಿದ್ದ ಜಾಗದಲ್ಲಿ ಫುಟ್‌ಬಾಲ್ ಕ್ರೀಡಾಂಗಣ ಬಂತು, ಗಾಜಿನ ಕಟ್ಟಡಗಳು ಬಂದವು. ಮ್ಯಾನ್‌ಹಟನ್‌ನ ವರ್ಲ್ಡ್ ಟ್ರೇಡ್ ಸೆಂಟರ್ ಇಲ್ಲಿಂದ ರೈಲಿನಲ್ಲಿ ಸುಮಾರು ಇಪ್ಪತ್ತು ನಿಮಿಷದ ಮಾತು. ಬಾಡಿಗೆ ಅಲ್ಲಿಗಿಂತ ಕಡಿಮೆ. ಹೀಗಾಗಿ ಸಾಫ್ಟ್‌ವೇರ್ ಮತ್ತು ಬ್ಯಾಂಕ್ ಕೆಲಸದ ಭಾರತೀಯರು, ಅವರಲ್ಲಿ ಕನ್ನಡದವರು ಇಲ್ಲಿಗೆ ಬಂದು ಸೇರಿಕೊಂಡರು.

ತುಮಕೂರು ಕಡೆಯ ಒಬ್ಬ ತಾಯಿ, ಮಗಳ ಹೆರಿಗೆಗೆ ಇನ್ನೂ ಮೂರು ವಾರ ಇರುವಾಗ, ನನಗೆ ಧೈರ್ಯ ಹೇಳುವ ಧಾಟಿಯಲ್ಲಿ ಹೇಳಿದರು: ‘ಇಲ್ಲಿ ಹೆರಿಗೆಗೆ ಏನೂ ಭಯ ಇಲ್ಲ ಬಿಡಿ. ಅಮೆರಿಕ ಅಲ್ವಾ!’ ಆಮೇಲೆ ತಾವಾಗಿಯೇ ಚಿಕ್ಕಮ್ಮನ ಕತೆ ತೆಗೆದರು. ಎರಡನೇ ಹೆರಿಗೆ. ಮಗು ಹುಟ್ಟಿತು, ಎಲ್ಲರೂ ಸಕ್ಕರೆ ಹಂಚುವುದರಲ್ಲಿದ್ದರು. ‘ರಕ್ತ ಹೋಗ್ತಾನೇ ಇತ್ತಂತೆ. ಗಾಡಿ ಸಿಗೋ ಹೊತ್ತಿಗೆ ಮುಗಿದೋಗಿತ್ತು.’ ಇಂಥದ್ದೊಂದು ಹೆಸರು ಇಲ್ಲದ ಕುಟುಂಬ ನಮ್ಮಲ್ಲಿ ಅಪರೂಪ. ಅಜ್ಜಿಯ ತಂಗಿಯೋ ಸೋದರತ್ತೆಯೋ ‘ಹೆರಿಗೇಲಿ ಹೋದಳು’ ಎಂಬ ಎರಡೇ ಪದದಲ್ಲಿ ವಂಶವೃಕ್ಷದಿಂದ ಆಚೆಗೆ ಸರಿದಿರುತ್ತಾಳೆ. ಯಾಕೆ ಹೋದಳು, ಉಳಿಸಬಹುದಿತ್ತೇ ಎಂದು ಯಾರೂ ಕೇಳಿರುವುದಿಲ್ಲ. ಹಣೆಬರಹವನ್ನು ಕೇಳುವುದಾದರೂ ಹೇಗೆ?

ಆ ಪ್ರಶ್ನೆಯನ್ನು ಒಮ್ಮೆ ನೇರವಾಗಿ ಕೇಳಿದ್ದು ಇದೇ ಸೀಮೆಯಲ್ಲಿ, ಹಡ್ಸನ್ ನದಿಯಾಚೆಗಿನ ನ್ಯೂಯಾರ್ಕ್‌ನಲ್ಲಿ.

2,041 ಸಾವುಗಳ ವಿಚಾರಣೆ

1930ರ ಸುಮಾರಿಗೆ ಅಮೆರಿಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 670ರಷ್ಟು ತಾಯಂದಿರು ಸಾಯುತ್ತಿದ್ದರು. ನಮ್ಮ ಕರ್ನಾಟಕದಲ್ಲಿ 2001–03ರ ಅವಧಿಯಲ್ಲಿ ಇದೇ ಲೆಕ್ಕ 228. ನಾವು ಇಪ್ಪತ್ತೊಂದನೆಯ ಶತಮಾನಕ್ಕೆ ಕಾಲಿಟ್ಟಾಗ ಇದ್ದ ಸ್ಥಿತಿಗಿಂತ ಮೂರು ಪಟ್ಟು ಕೆಟ್ಟ ಸ್ಥಿತಿಯಲ್ಲಿ ಆಗಿನ ಅಮೆರಿಕ ಇತ್ತು. ಮುಗಿಲೆತ್ತರದ ಕಟ್ಟಡ, ಕಾರು, ರೇಡಿಯೊ, ದೊಡ್ಡ ದೊಡ್ಡ ಆಸ್ಪತ್ರೆ ಎಲ್ಲವೂ ಇದ್ದವು. ಮನೆಯ ಹೆರಿಗೆ ಬಿಟ್ಟು ಹೆಂಗಸರು ಆಸ್ಪತ್ರೆಗೆ ಹೋಗುವುದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಆದರೆ ಸಾವಿನ ಪ್ರಮಾಣ ಮಾತ್ರ ಜಗ್ಗುತ್ತಿರಲಿಲ್ಲ.

ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್ ಒಂದು ಸಮಿತಿ ಮಾಡಿತು. 1930, 31, 32, ಈ ಮೂರು ವರ್ಷಗಳಲ್ಲಿ ನಗರದಲ್ಲಿ ಬಸಿರು, ಹೆರಿಗೆ, ಬಾಣಂತನದ ಕಾರಣಕ್ಕೆ ಸತ್ತ 2,041 ಹೆಂಗಸರ ಪ್ರಕರಣಗಳನ್ನೂ ಸಮಿತಿ ಒಂದೊಂದಾಗಿ ಎತ್ತಿಕೊಂಡಿತು. ಮಾದರಿ ಸಮೀಕ್ಷೆ ಅಲ್ಲ, ಅಂದಾಜು ಅಲ್ಲ. ಒಂದನ್ನೂ ಬಿಡದೆ ಎಲ್ಲವನ್ನೂ ನೋಡಿತು. ಸಾವು ಸಂಭವಿಸಿದ ಕೂಡಲೇ ಹೆರಿಗೆ ಮಾಡಿಸಿದ ಡಾಕ್ಟರನ್ನೋ ಸೂಲಗಿತ್ತಿಯನ್ನೋ ಕಂಡು, ಏನಾಯಿತು, ಯಾವಾಗ ಆಯಿತು, ನೀವೇನು ಮಾಡಿದಿರಿ ಎಂದು ವಿಚಾರಿಸುವುದು. ಬಳಿಕ ತಜ್ಞರು ಕೂತು ಒಂದು ತೀರ್ಮಾನಕ್ಕೆ ಬರುವುದು: ಈ ಹೆಂಗಸನ್ನು ಉಳಿಸಬಹುದಿತ್ತೇ, ಇಲ್ಲವೇ? ಉಳಿಸಬಹುದಿದ್ದರೆ ತಪ್ಪಿದ್ದು ಎಲ್ಲಿ?

1933ರಲ್ಲಿ ವರದಿ ಹೊರಬಂತು. ಮೂರರಲ್ಲಿ ಎರಡು ಸಾವುಗಳನ್ನು ತಪ್ಪಿಸಬಹುದಿತ್ತು. ಅಂಥ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ಡಾಕ್ಟರರೇ ಹೊಣೆ, ಸೂಲಗಿತ್ತಿಯರ ಪಾಲು ತೀರಾ ಸಣ್ಣದು. ಮನೆಯಲ್ಲಿ ಆದ ಹೆರಿಗೆಗಳು ಆಸ್ಪತ್ರೆಯ ಹೆರಿಗೆಗಳಿಗಿಂತ ಕೆಟ್ಟದಾಗಿರಲಿಲ್ಲ, ಬದಲಿಗೆ ಅಲ್ಲಿ ಸಾವು ಕಡಿಮೆಯೇ ಇತ್ತು. ಅಗತ್ಯವಿಲ್ಲದೆ ಇಕ್ಕಳ ಹಾಕುವುದು, ಅಗತ್ಯವಿಲ್ಲದ ಶಸ್ತ್ರಚಿಕಿತ್ಸೆ, ಸೋಂಕು ತಡೆಯುವಲ್ಲಿ ಉಡಾಫೆ, ಇವೆಲ್ಲ ಜೀವ ತೆಗೆಯುತ್ತಿದ್ದವು. ವರದಿ ಪತ್ರಿಕೆಗಳಲ್ಲಿ ಬಂದಾಗ ನಗರದ ಪ್ರಸೂತಿ ತಜ್ಞರು ಕೆಂಡಾಮಂಡಲವಾದರು. ವೈದ್ಯರ ಮೇಲಿನ ಜನರ ನಂಬಿಕೆಯೇ ಹೋಗುತ್ತದೆ ಎಂಬುದು ಅವರ ವಾದ. ಈ ವಾದ ನಮಗೂ ಹೊಸದಲ್ಲ.

ಆಮೇಲೆ ಆದದ್ದು ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲೇ ಅಪರೂಪದ ಇಳಿತ. ಅಮೆರಿಕದ ತಾಯಿ ಮರಣ ಪ್ರಮಾಣ 1940ರಲ್ಲಿ 376, 1950ರಲ್ಲಿ 83, 1960ರಲ್ಲಿ 37. ಇದರಲ್ಲಿ ಔಷಧಗಳ ಪಾಲು ಬಹಳ ದೊಡ್ಡದು. 1930ರ ದಶಕದ ಕೊನೆಗೆ ಸಲ್ಫಾ ಮಾತ್ರೆ ಬಂತು, ರಕ್ತನಿಧಿಗಳು ಶುರುವಾದವು, ಮಹಾಯುದ್ಧದ ಹೊತ್ತಿಗೆ ಪೆನಿಸಿಲಿನ್ ಬಂತು. ವರದಿಯೊಂದೇ ಇಷ್ಟು ಜೀವ ಉಳಿಸಿತು ಎಂದರೆ ಉತ್ಪ್ರೇಕ್ಷೆಯಾಗುತ್ತದೆ. ಆದರೆ ನಂಜು ತಡೆಯುವ ಔಷಧ ಕೈಗೆ ಬರುವಷ್ಟರಲ್ಲಿ, ಸತ್ತವಳ ಫೈಲು ತೆರೆದು ‘ಇದು ತಪ್ಪುತ್ತಿತ್ತೇ?’ ಎಂದು ಕೇಳುವ ಸಮಿತಿಗಳು ಊರೂರಲ್ಲಿ ಹುಟ್ಟಿಕೊಂಡಿದ್ದವು. ಔಷಧವನ್ನು ಯಾರಿಗೆ, ಯಾವಾಗ ಕೊಡಬೇಕಿತ್ತು, ಕೊಟ್ಟರೇ ಎಂದು ನೋಡುವವರು ಇದ್ದರು.

ಹ್ಯಾರಿಸನ್ ಸೇರಿರುವ ಹಡ್ಸನ್ ಕೌಂಟಿಗೂ ಇದರಲ್ಲೊಂದು ಕತೆಯಿದೆ. ಪಕ್ಕದ ಜರ್ಸಿ ಸಿಟಿಯಲ್ಲಿ 1931ರಲ್ಲಿ ಮಾರ್ಗರೆಟ್ ಹೇಗ್ ಹೆರಿಗೆ ಆಸ್ಪತ್ರೆ ತೆರೆಯಿತು. ಕಾರ್ಖಾನೆ ಕೂಲಿಗಳ ಹೆಂಡಂದಿರಿಗೂ ಅಲ್ಲಿ ಹೆರಿಗೆ ಆಗುತ್ತಿತ್ತು. ಕೈಯಲ್ಲಿ ಕಾಸಿಲ್ಲ ಎಂದು ಯಾರನ್ನೂ ವಾಪಸು ಕಳಿಸುತ್ತಿರಲಿಲ್ಲ. ದೇಶದ ಅತಿ ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲಿ ಒಂದೆಂದು ಹೆಸರು ಮಾಡಿತು. ಕಟ್ಟಿಸಿದ ಮೇಯರ್ ಫ್ರ್ಯಾಂಕ್ ಹೇಗ್ 1917ರಿಂದ 47ರವರೆಗೆ ಊರನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದ ಭಾರಿ ಭ್ರಷ್ಟ. ನಗರಸಭೆಯ ನೌಕರರು ಸಂಬಳದ ನೂರಕ್ಕೆ ಮೂರರಷ್ಟನ್ನು ಅವನ ಪಕ್ಷಕ್ಕೆ ಒಪ್ಪಿಸಬೇಕಿತ್ತು. ಆ ಮನುಷ್ಯ ತನ್ನ ತಾಯಿಯ ಹೆಸರಿಟ್ಟ ಆಸ್ಪತ್ರೆಯನ್ನು ಮಾತ್ರ ಚೆನ್ನಾಗಿ ನಡೆಸಿದ. ಕಮಿಷನ್ ರಾಜಕಾರಣ ನಮಗೂ ಗೊತ್ತು. ಆದರೆ ಪುಣ್ಯ ಕಟ್ಟಿಕೊಳ್ಳಲಾದರೂ ಒಂದು ಹೆರಿಗೆ ಆಸ್ಪತ್ರೆಯನ್ನು ನೆಟ್ಟಗೆ ನಡೆಸಿದ ಪುಢಾರಿಯನ್ನು ನಮ್ಮಲ್ಲಿ ಹುಡುಕಬೇಕು. 1979ರಲ್ಲಿ ಆ ಆಸ್ಪತ್ರೆ ಮುಚ್ಚಿತು.

ದಾರಿ ಸಿಕ್ಕಿತು, ಮುಂದೇನು?

ನಮ್ಮಲ್ಲಿಯೂ ಹಳೆಯ ವ್ಯವಸ್ಥೆಯೆಲ್ಲ ಕತ್ತಲೆಯಾಗಿರಲಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಒಂದು ಕಾಸನ್ನೂ ಮುಟ್ಟಲಿಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬಸುರಿಯ ಹೊಟ್ಟೆ ಮುಟ್ಟಿ ಮಗು ಯಾವ ಮಗ್ಗುಲಿಗಿದೆ ಎಂದು ಹೇಳುವ ಕೈ ಅದು. ಆದರೆ ಎಂಥ ಕೈಗುಣದ ಸೂಲಗಿತ್ತಿಯೂ ಹೆರಿಗೆಯ ನಂತರ ನಿಲ್ಲದ ರಕ್ತಕ್ಕೆ ಇನ್ನೊಬ್ಬರ ರಕ್ತ ಕೊಡಲಾರಳು, ನೆತ್ತಿಗೇರಿದ ಬಿಪಿಯಿಂದ ಬಂದ ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಕೊಡಲಾರಳು.

ಈ ವಿಷಯಕ್ಕೆ ಜಗತ್ತಿನ ಕಣ್ಣು ತೆರೆಸಿದ್ದೂ ನ್ಯೂಯಾರ್ಕೇ. ಕೊಲಂಬಿಯಾ ವಿಶ್ವವಿದ್ಯಾಲಯದ ಅಲನ್ ರೋಸೆನ್‌ಫೀಲ್ಡ್ ಮತ್ತು ಡೆಬೊರಾ ಮೇನ್ 1985ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ ಲೇಖನದ ತಿರುಳು ಇಷ್ಟೇ: ತಾಯಿ–ಮಗು ಆರೋಗ್ಯ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ಮಗುವಿಗಾಗಿ, ತಾಯಿ ಎಲ್ಲಿ? 1994ರಲ್ಲಿ ಅದೇ ಮೇನ್, ಸೆರೀನ್ ತಡೇಯಸ್ ಜೊತೆ ಸೇರಿ ‘ಮೂರು ವಿಳಂಬ’ಗಳ ಲೆಕ್ಕ ಕೊಟ್ಟರು. ಆಸ್ಪತ್ರೆಗೆ ಹೋಗಬೇಕು ಎಂದು ಮನೆಯವರು ತೀರ್ಮಾನಿಸಲು ತಡ, ಆಸ್ಪತ್ರೆ ಮುಟ್ಟಲು ತಡ, ಮುಟ್ಟಿದ ಮೇಲೆ ಅಲ್ಲಿ ಚಿಕಿತ್ಸೆ ಸಿಗಲು ತಡ. ತುಮಕೂರಿನ ಆ ಚಿಕ್ಕಮ್ಮನಿಗೆ ಗಾಡಿ ಸಿಗದಿದ್ದದ್ದು ಎರಡನೆಯ ತಡ.

ಕರ್ನಾಟಕ ಇಪ್ಪತ್ತು ವರ್ಷಗಳಲ್ಲಿ ಮೊದಲೆರಡು ತಡಗಳ ಬೆನ್ನು ಬಿದ್ದಿತು, ಬಹುಮಟ್ಟಿಗೆ ಗೆದ್ದಿತು ಕೂಡ. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಅದರ ಹಿಂದೆಯೇ ಆಶಾ ಕಾರ್ಯಕರ್ತೆಯರು, ಬಾಣಂತಿಗೂ ಮಗುವಿಗೂ ಬಟ್ಟೆ–ಹೊದಿಕೆಯ ಮಡಿಲು ಕಿಟ್, 2008ರಲ್ಲಿ 108 ಆಂಬುಲೆನ್ಸ್, 2009ರಲ್ಲಿ ತಾಯಿ ಭಾಗ್ಯ. ಅರ್ಧರಾತ್ರಿ ಬಸುರಿಯ ಜೊತೆ ಆಂಬುಲೆನ್ಸ್ ಹತ್ತಿ, ಲೇಬರ್ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಬೆಳಗು ಮಾಡುವ ಆಶಾಗೆ ಈ ನಾಡು ಇನ್ನೂ ಸರಿಯಾದ ಸಂಬಳ ಕೊಟ್ಟಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ರಾಜ್ಯದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು; 2019–20ರ ಹೊತ್ತಿಗೆ ಅದು 97. ತಾಯಿ ಮರಣ ಪ್ರಮಾಣವೂ ಇಳಿಯುತ್ತ ಬಂತು: 2007–09ರಲ್ಲಿ 178, 2011–13ರಲ್ಲಿ 133, 2014–16ರಲ್ಲಿ 108, 2018–20ರಲ್ಲಿ 69, 2019–21ರಲ್ಲಿ 63. ವಿಶ್ವಸಂಸ್ಥೆ 2030ರೊಳಗೆ ಮುಟ್ಟಬೇಕೆಂದು ಹೇಳಿದ ಗುರಿ 70. ಹತ್ತು ವರ್ಷ ಮೊದಲೇ ನಾವು ಅದನ್ನು ದಾಟಿದೆವು. ಇದು ಸಣ್ಣ ಸಾಧನೆಯಲ್ಲ.

ಆದರೆ ಅದೇ ಪಟ್ಟಿಯನ್ನು ಅಡ್ಡಡ್ಡ ಓದಿ ನೋಡಿ. 2018–20ರಲ್ಲಿ ಕೇರಳ 19, ತೆಲಂಗಾಣ 43, ಆಂಧ್ರ 45, ತಮಿಳುನಾಡು 54, ಪಕ್ಕದ ಮಹಾರಾಷ್ಟ್ರ ಕೂಡ 33. ದಕ್ಷಿಣದ ಐದು ರಾಜ್ಯಗಳಲ್ಲಿ ಕಟ್ಟಕಡೆಗೆ ನಾವು. ಮರು ವರ್ಷದ ಪಟ್ಟಿಯಲ್ಲಿ ಗುರಿ ಮುಟ್ಟಿದ ಎಂಟು ರಾಜ್ಯಗಳ ಸಾಲಿನಲ್ಲೂ ಕೊನೆಯ ಹೆಸರು ಕರ್ನಾಟಕದ್ದೇ. ಐಟಿ, ಬಿಟಿ, ಬೆಂಗಳೂರು ಎಂದು ಎದೆ ತಟ್ಟಿಕೊಳ್ಳುವ ರಾಜ್ಯಕ್ಕೆ ಇದು ಮುಜುಗರದ ಜಾಗ. ಆ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವ ಇನ್ನೆರಡು ಮಾತು: ರಾಜ್ಯದ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ; 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆ. ರಕ್ತಹೀನತೆಯ ಲೆಕ್ಕವಂತೂ ಹಿಂದಿನ ಸಮೀಕ್ಷೆಗೂ ಇದಕ್ಕೂ ಕದಲಿಲ್ಲ. ಮೈಯಲ್ಲಿ ರಕ್ತವೇ ಕಡಿಮೆ ಇರುವವಳಿಗೆ ಹೆರಿಗೆಯಲ್ಲಿ ಅರ್ಧ ಲೀಟರ್ ಹೋದರೂ ಅದು ಜೀವಕ್ಕೆ ಬರುತ್ತದೆ.

ಆ ಅರ್ಧ ಲೀಟರ್ ಎಷ್ಟೆಂದು ಜಗತ್ತಿಗೆ ಅಳೆದು ತೋರಿಸಿದವರಲ್ಲಿ ನಮ್ಮವರಿದ್ದಾರೆ. ಹೆರಿಗೆಯ ಹೊತ್ತಿನ ರಕ್ತವನ್ನು ಡಾಕ್ಟರೂ ನರ್ಸೂ ಕಣ್ಣಂದಾಜಿನಲ್ಲಿ ಹೇಳುತ್ತಾರೆ, ಆ ಅಂದಾಜು ಸಾಮಾನ್ಯವಾಗಿ ಕಡಿಮೆಯೇ ಆಗಿರುತ್ತದೆ. ಬಟ್ಟೆ ಹೀರಿದ್ದು, ನೆಲಕ್ಕೆ ಹರಿದದ್ದು, ಗರ್ಭಜಲದಲ್ಲಿ ಬೆರೆತದ್ದು ಲೆಕ್ಕಕ್ಕೆ ಬರುವುದಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಇದಕ್ಕೆ ಬಳಸಿದ್ದು ಒಂದು ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ಕೂಡಲೇ ಅದನ್ನು ತಾಯಿಯ ಸೊಂಟದಡಿಗೆ ಸರಿಸಿ, ದಾರದಿಂದ ಕಟ್ಟುತ್ತಾರೆ. ಮಂಚದಂಚಿಗೆ ಇಳಿಬಿಟ್ಟ ಅದರ ಕೆಳತುದಿ ಆಲಿಕೆಯ ಹಾಗೆ ಕಿರಿದಾಗಿ ಚೀಲವಾಗುತ್ತದೆ. ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಐನೂರರ ಗೆರೆ ದಾಟಿತೋ, ಓದು ಬರಹ ಅಷ್ಟಕ್ಕಷ್ಟೇ ಇರುವ ಆಯಾಗೂ ಗೊತ್ತಾಗುತ್ತದೆ, ಡಾಕ್ಟರಿಗೆ ಕೂಗು ಹಾಕಬೇಕು ಎಂದು.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಇದೇ ಹಾಳೆ ಬಳಸಿ ಡಾ. ಬಿ.ಎಸ್. ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ಅವರ ತಂಡ 1,620 ಹೆಂಗಸರ ಮೇಲೆ ಒಂದು ಪರೀಕ್ಷೆ ನಡೆಸಿತು. ಹೆರಿಗೆ ಮಾಡಿಸಿದವರು ತಜ್ಞರಲ್ಲ, ಸಹಾಯಕ ನರ್ಸ್–ಸೂಲಗಿತ್ತಿಯರು, ಅಂದರೆ ನಾವು ಎಎನ್‌ಎಂ ಎನ್ನುವವರು. ಹೆರಿಗೆಯಾದ ಕೂಡಲೇ ಅರ್ಧ ಜನರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಬರೀ ಮಾತ್ರೆಯಂತೆ ಕಾಣುವ ಗುಳಿಗೆ. ಮಾತ್ರೆ ತೆಗೆದುಕೊಳ್ಳದವರಲ್ಲಿ ಅತಿಸ್ರಾವ ಶೇ 12. ತೆಗೆದುಕೊಂಡವರಲ್ಲಿ ಶೇ 6.4. ಕಡಿಮೆ ಬೆಲೆಯ, ಫ್ರಿಜ್ಜು ಬೇಡದ, ಇಂಜೆಕ್ಷನ್ ಅಲ್ಲದ ಒಂದು ಮಾತ್ರೆ ಅಪಾಯವನ್ನು ಅರ್ಧಕ್ಕೆ ಇಳಿಸಿತು. 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಇದು ಪ್ರಕಟವಾಯಿತು. 2023ರಲ್ಲಿ ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಇಂಥದೇ ಗೆರೆ ಹಾಕಿದ ಹಾಳೆಯನ್ನೂ ತಕ್ಷಣದ ಚಿಕಿತ್ಸೆಯನ್ನೂ ಜೋಡಿಸಿ, ತೀವ್ರ ರಕ್ತಸ್ರಾವದ ಪ್ರಕರಣಗಳನ್ನು ಶೇ 60ರಷ್ಟು ತಗ್ಗಿಸಬಹುದೆಂದು ತೋರಿಸಿತು. ಬೆಳಗಾವಿಯಲ್ಲಿ ಅಷ್ಟು ಮುಂಚೆ ಹಾಸಿದ ಹಾಳೆಯನ್ನು ನಮ್ಮ ಎಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಇವತ್ತು ಹಾಸುತ್ತಾರೆ? ನಿಮ್ಮೂರಿನ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ ನೋಡಿ.

ಇನ್ನು ಮೂರನೆಯ ತಡ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಕಾಯಿಲೆ ಬಿದ್ದರು. ಮೂತ್ರಪಿಂಡ ಕೈಕೊಟ್ಟಿತು, ಅಂಗಾಂಗಗಳು ಸೋತವು. ಐದು ಮಂದಿ ತೀರಿಕೊಂಡರು. ಅವರು ಮನೆಯಲ್ಲಿ ಹೆತ್ತವರಲ್ಲ, ಗಾಡಿ ಸಿಗದವರಲ್ಲ. ಸರ್ಕಾರ ಹೇಳಿದಂತೆ ಕೇಳಿ, ತಾಯಿ ಕಾರ್ಡ್ ಹಿಡಿದು, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದವರು. ಅನುಮಾನ ಹೋದದ್ದು ಅವರಿಗೆ ಏರಿಸಿದ ಡ್ರಿಪ್ಪಿನ ಮೇಲೆ, ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿತು, ತಯಾರಿಸಿದ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ವಿಧಾನಸಭೆಯಲ್ಲಿ ಗದ್ದಲವಾಯಿತು.

ಗದ್ದಲದ ನಡುವೆ ಒಂದು ಒಳ್ಳೆಯ ಕೆಲಸವೂ ಆಯಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಆದ 464 ತಾಯಿ ಮರಣಗಳನ್ನು ತಜ್ಞರ ಸಮಿತಿ ಪರಿಶೀಲಿಸಿತು. ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಎಂಬುದು ಅದು ಕಂಡುಕೊಂಡದ್ದು. 18 ಸಾವುಗಳ ನಂಟು ಆ ಡ್ರಿಪ್ಪಿನ ಕಡೆಗೆ ಹೋಗುತ್ತದೆ ಎಂದೂ ಹೇಳಿತು. ಹದಿನೆಂಟರ ಸುದ್ದಿ ದೊಡ್ಡದಾಯಿತು, ಎಪ್ಪತ್ತರ ಸುದ್ದಿ ಎರಡು ದಿನದಲ್ಲಿ ಮರೆತುಹೋಯಿತು. ನನ್ನ ಮಟ್ಟಿಗೆ ದೊಡ್ಡ ಸುದ್ದಿ ಎಂದರೆ ಎರಡನೆಯದೇ. ಕೆಟ್ಟ ಡ್ರಿಪ್ ಒಂದು ಅಪರಾಧ, ಅದಕ್ಕೆ ತನಿಖೆ, ಶಿಕ್ಷೆ ಇದೆ. ಉಳಿದ ನಾನೂರಕ್ಕೂ ಹೆಚ್ಚು ಸಾವುಗಳಿಗೆ ಅಂಥ ಖಳನಾಯಕನಿಲ್ಲ. ಅಲ್ಲಿ ಇರುವುದು ಗಮನಿಸದೆ ಬಿಟ್ಟ ಬಿಪಿ, ಸಿಗದ ರಕ್ತ, ರಜೆಯಲ್ಲಿದ್ದ ಅರಿವಳಿಕೆ ತಜ್ಞ, ‘ಮುಂದಿನ ಆಸ್ಪತ್ರೆಗೆ ಕರಕೊಂಡು ಹೋಗಿ’ ಎಂದು ಬರೆದುಕೊಟ್ಟ ಚೀಟಿ. ನ್ಯೂಯಾರ್ಕ್ 1933ರಲ್ಲಿ ಕಂಡ ‘ಮೂರರಲ್ಲಿ ಎರಡು’ ನಮ್ಮಲ್ಲಿ ತೊಂಬತ್ತು ವರ್ಷಗಳ ಮೇಲೆ ಹೆಚ್ಚುಕಡಿಮೆ ಹಾಗೇ ಬಂದು ನಿಂತಿದೆ.

ಆಸ್ಪತ್ರೆಯಿಂದ ಮನೆಗೆ

ಹಾಗಾದರೆ ಇವತ್ತಿನ ಅಮೆರಿಕದಲ್ಲಿ ಭಯವಿಲ್ಲವೇ? ಶ್ರೀಮಂತ ದೇಶಗಳ ಪೈಕಿ ಬಾಣಂತಿಯರ ವಿಷಯದಲ್ಲಿ ಅತ್ಯಂತ ಕಳಪೆ ಲೆಕ್ಕ ಇದರದೇ. ಕೋವಿಡ್ ಕಾಲದ 2021ರಲ್ಲಿ ಲಕ್ಷಕ್ಕೆ 32.9ಕ್ಕೆ ಏರಿದ್ದು 2023ರಲ್ಲಿ 18.6ಕ್ಕೆ ಇಳಿಯಿತು. ಆದರೆ ಅದೇ 2023ರಲ್ಲಿ ಬಿಳಿಯ ಹೆಂಗಸರಲ್ಲಿ ಅದು 14.5, ಕಪ್ಪು ಹೆಂಗಸರಲ್ಲಿ 50.3. ನ್ಯೂಜರ್ಸಿಯಲ್ಲಿ ಈ ಕಂದರ ಇನ್ನೂ ಆಳ: ಕಪ್ಪು ತಾಯಂದಿರ ಅಪಾಯ ಬಿಳಿಯರದರ ಸುಮಾರು ಏಳು ಪಟ್ಟು ಎಂದು ರಾಜ್ಯವೇ ಒಪ್ಪಿಕೊಂಡಿತು. ನಮ್ಮ ರಾಯಚೂರು, ಕಲಬುರಗಿ ಒಂದು ಕಡೆ, ಕರಾವಳಿ ಇನ್ನೊಂದು ಕಡೆ ಇರುವ ಹಾಗೆಯೇ ಇದೂ.

ವಿಮೆ, ಹಣ, ಓದು ಇದ್ದವರಿಗೂ ಗ್ಯಾರಂಟಿ ಇಲ್ಲ. 2011ರಲ್ಲಿ ಇದೇ ನ್ಯೂಜರ್ಸಿಯ ಆಸ್ಪತ್ರೆಯೊಂದರಲ್ಲಿ ಒಬ್ಬ ನರ್ಸ್ ಮಗು ಹೆತ್ತು ಒಂದು ದಿನದೊಳಗೆ ಸತ್ತರು. ಅವರು ಕೆಲಸ ಮಾಡುತ್ತಿದ್ದದ್ದು ಅದೇ ಆಸ್ಪತ್ರೆಯ ನವಜಾತ ಶಿಶುಗಳ ತುರ್ತು ನಿಗಾ ಘಟಕದಲ್ಲಿ. ಗಂಡ ಸ್ವತಃ ಡಾಕ್ಟರ್, ಮಂಚದ ಪಕ್ಕದಲ್ಲೇ ಇದ್ದರು. ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಏರುತ್ತಿದ್ದ ಬಿಪಿ; ಎರಡನ್ನೂ ಹೊತ್ತಿಗೆ ಸರಿಯಾಗಿ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 2017ರಲ್ಲಿ ಪ್ರೊಪಬ್ಲಿಕಾ ಮತ್ತು ಎನ್‌ಪಿಆರ್ ಈ ಸಾವಿನ ಜಾಡು ಹಿಡಿದು ಸರಣಿ ಬರೆದವು. ದೇಶ ಬೆಚ್ಚಿತು. ಆ ದಾದಿಗೆ ಮೊದಲೆರಡು ತಡಗಳು ಇರಲೇ ಇಲ್ಲ, ಮೂರನೆಯದೊಂದೇ ಸಾಕಾಯಿತು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 36 ರಾಜ್ಯಗಳ 2017–19ರ ಸಾವುಗಳನ್ನು ಪರಿಶೀಲಿಸಿ ಹೇಳಿದ್ದು ಹೀಗೆ: ಶೇ 80ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು, ಅರ್ಧಕ್ಕಿಂತ ಹೆಚ್ಚು ಸಾವುಗಳು ಆದದ್ದು ಹೆರಿಗೆಯಾಗಿ ಒಂದು ವಾರ ಕಳೆದ ಮೇಲೆ, ಒಂದು ವರ್ಷದೊಳಗೆ. ಅಂದರೆ ಹೂಗುಚ್ಛ, ಬಲೂನು ಹಿಡಿದು ಮನೆಗೆ ಬಂದಾದ ಮೇಲೆ. ಕಾರಣಗಳಲ್ಲಿ ಮೊದಲನೆಯದು ಮನಸ್ಸಿನ ಕಾಯಿಲೆ, ಆತ್ಮಹತ್ಯೆ, ಮಾದಕ ವಸ್ತು ಎಲ್ಲ ಸೇರಿದ್ದು. ಇಲ್ಲಿನ ರೂಢಿಯಲ್ಲಿ ತಾಯಿ ಎರಡು ಮೂರು ದಿನಕ್ಕೆ ಮನೆಗೆ ಹೋದರೆ ಮತ್ತೆ ಡಾಕ್ಟರನ್ನು ಕಾಣುವುದು ಆರು ವಾರಕ್ಕೆ. ನಡುವಿನ ಹೊತ್ತಿನಲ್ಲಿ ಅವಳಿಗೆ ಅವಳೇ.

ನ್ಯೂಜರ್ಸಿ ಇದಕ್ಕೆ ಮಾಡಿಕೊಂಡ ದಾರಿ ಗಮನಿಸುವಂಥದ್ದು. 2019ರಲ್ಲಿ ಆಗಿನ ಗವರ್ನರ್ ಪತ್ನಿ ಟ್ಯಾಮಿ ಮರ್ಫಿ ‘ನರ್ಚರ್ ಎನ್‌ಜೆ’ ಎಂಬ ಕಾರ್ಯಕ್ರಮ ಶುರುಮಾಡಿದರು. ಬಡವರ ಸರ್ಕಾರಿ ವಿಮೆ ಹೆರಿಗೆಯ ನಂತರ ಒಂದು ವರ್ಷ ಮುಂದುವರಿಯುವಂತಾಯಿತು. 2021ರಲ್ಲಿ, ಹೆತ್ತ ತಾಯಿಯ ಮನೆಗೇ ನರ್ಸನ್ನು ಕಳಿಸುವ ಕಾನೂನು ಬಂತು. 2024ರ ಜನವರಿಯಿಂದ ಕೌಂಟಿಯಿಂದ ಕೌಂಟಿಗೆ ಜಾರಿಯಾಗತೊಡಗಿತು. ನದಿಯ ಆಚೆ ದಡದ ನೆವಾರ್ಕ್ ಇರುವ ಎಸೆಕ್ಸ್ ಮೊದಲ ಹಂತದಲ್ಲೇ ಇತ್ತು. ಯಾವುದೇ ವಿಮೆ ಇರಲಿ, ಬಿಡಲಿ, ಹೆರಿಗೆಯಾದ ಎರಡು ವಾರದೊಳಗೆ ಒಬ್ಬ ನರ್ಸ್ ಮನೆಗೆ ಬಂದು ತಾಯಿಯ ಬಿಪಿ ನೋಡುತ್ತಾರೆ, ಹೊಲಿಗೆ ನೋಡುತ್ತಾರೆ, ನಿದ್ದೆ ಬರುತ್ತಿದೆಯೇ, ಮನಸ್ಸು ಹೇಗಿದೆ ಎಂದು ಕೇಳುತ್ತಾರೆ. ಪುಕ್ಕಟೆ.

ನಮ್ಮ ಬಾಣಂತನವೂ ಒಂದು ರೀತಿಯಲ್ಲಿ ಇದೇ ಕೆಲಸ ಮಾಡುತ್ತದೆ. ನಲವತ್ತು ದಿನ ಒಬ್ಬ ಹಿರಿಯ ಹೆಂಗಸಿನ ಕಣ್ಣು ಬಾಣಂತಿಯ ಮೇಲಿರುತ್ತದೆ. ಅಮೆರಿಕದ ಬಹುಪಾಲು ತಾಯಂದಿರಿಗೆ ಇಲ್ಲದ ಭಾಗ್ಯ ಅದು. ಆದರೆ ಹಾಗೆಂದು ಬಾಣಂತನವನ್ನು ಕಣ್ಣುಮುಚ್ಚಿ ಹೊಗಳಲಾರೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಬಾಯಾರಿಕೆಯಲ್ಲಿ ಇಡುವವರಿದ್ದಾರೆ. ತಲೆನೋವು ಎಂದರೆ ಶೀತ ಎಂದು ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಬಿಗಿಯುವವರಿದ್ದಾರೆ. ಹೆರಿಗೆಯಾಗಿ ಹತ್ತು ದಿನದ ಮೇಲೂ ಬಿಪಿ ಏರಬಹುದು, ಬಿಡದ ತಲೆನೋವು ಅದರ ಮೊದಲ ಸೂಚನೆ ಇರಬಹುದು. ಕಣ್ಣು ಮಂಜಾಗುವುದು, ಉಸಿರು ಕಟ್ಟುವುದು, ಒಂದು ಗಂಟೆಯಲ್ಲಿ ಒಂದು ಪ್ಯಾಡ್ ತೊಯ್ಯುವುದು, ಚಳಿಜ್ವರ, ಒಂದೇ ಕಾಲು ಊದುವುದು, ‘ನನಗೆ ಈ ಮಗು ಬೇಡ, ನಾನೂ ಬೇಡ’ ಎಂಬ ಮಾತು, ಇವ್ಯಾವುವೂ ಶುಂಠಿ ಕಷಾಯಕ್ಕೆ ಬಗ್ಗುವಂಥವಲ್ಲ. ಅಮೆರಿಕದಲ್ಲಿ 911, ಊರಲ್ಲಿ 108. ತುರ್ತು ವಿಭಾಗದಲ್ಲಿ ಯಾರೂ ಕೇಳದಿದ್ದರೂ ‘ಹೆರಿಗೆಯಾಗಿ ಇಷ್ಟು ದಿನವಾಯಿತು’ ಎಂದು ಮೊದಲು ಹೇಳಿಬಿಡಬೇಕು. ತುಮಕೂರಿನ ಆ ತಾಯಿಗೆ ಇದನ್ನು ಹೇಳಿದಾಗ, ‘ನಮ್ ಕಾಲ್ದಲ್ಲಿ ಇದ್ನೆಲ್ಲಾ ಯಾರು ಹೇಳ್ತಿದ್ರಪ್ಪ’ ಎಂದರು. ಮಗಳು ಪಕ್ಕದಿಂದ, ‘ಅದಕ್ಕೇ ಅಲ್ವೇನಮ್ಮ ಚಿಕ್ಕಜ್ಜಿ ಹೋಗಿದ್ದು’ ಎಂದಳು. ಮಾತು ಅಲ್ಲಿಗೆ ನಿಂತಿತು.

ಮತ್ತೆ ಸಾವಿನ ಕಾರಣ ಕೇಳುವ ಮಾತಿಗೆ ಬರೋಣ. ಇಂಗ್ಲೆಂಡ್ 1952ರಿಂದ ಪ್ರತಿ ತಾಯಿ ಮರಣದ ಗೌಪ್ಯ ವಿಚಾರಣೆ ನಡೆಸುತ್ತಿದೆ. ಹೆಸರು ಬಯಲಾಗುವುದಿಲ್ಲ, ಪಾಠ ಬಯಲಾಗುತ್ತದೆ. ಕೇರಳದ ಪ್ರಸೂತಿ ತಜ್ಞರ ಸಂಘ 2004ರಿಂದ ಇದೇ ಮಾದರಿ ಹಿಡಿದು, ತಾಯಂದಿರು ಏಕೆ ಸಾಯುತ್ತಾರೆ ಎಂಬ ವರದಿಗಳನ್ನು ಪುಸ್ತಕವಾಗಿ ಹೊರತರುತ್ತ ಬಂದಿದೆ. ನಮ್ಮಲ್ಲಿಯೂ ನಿಯಮವಿಲ್ಲದಿಲ್ಲ: 2010ರಿಂದಲೂ ಪ್ರತಿ ತಾಯಿ ಮರಣದ ಪರಿಶೀಲನೆ ಆಗಬೇಕು, ಆಶಾ ಕಾರ್ಯಕರ್ತೆ ಮಾಹಿತಿ ಕೊಡಬೇಕು, ಜಿಲ್ಲಾಧಿಕಾರಿ ಎದುರು ಮನೆಯವರನ್ನೂ ಕರೆಸಿ ಕೇಳಬೇಕು. ಆದರೆ ಆ ಕಡತಗಳಿಂದ ಹೊರಬರುವುದು ಅಮಾನತಿನ ಆದೇಶಗಳು ಮಾತ್ರ. ಅಮಾನತಿಗೆ ಹೆದರಿದ ನರ್ಸ್ ಕೇಸ್ ಶೀಟ್ ತಿದ್ದುತ್ತಾಳೆಯೇ ಹೊರತು ನಿಜ ಹೇಳುವುದಿಲ್ಲ.

ಬಳ್ಳಾರಿಯ ನಂತರ ಮಾಡಿದ ಪರಿಶೀಲನೆಯನ್ನು ರಾಜ್ಯ ಸರ್ಕಾರ ಪ್ರತಿ ವರ್ಷ ಮಾಡಲಿ. ಸತ್ತವರ, ಚಿಕಿತ್ಸೆ ಕೊಟ್ಟವರ ಹೆಸರು ಬಿಟ್ಟು ಉಳಿದದ್ದನ್ನೆಲ್ಲ, ಯಾವ ಜಿಲ್ಲೆಯಲ್ಲಿ ಎಷ್ಟು ಸಾವು, ಎಷ್ಟನ್ನು ತಪ್ಪಿಸಬಹುದಿತ್ತು, ರಕ್ತ ಸಿಗದೆ ಎಷ್ಟು, ತಜ್ಞರಿಲ್ಲದೆ ಎಷ್ಟು ಎಂಬ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿ ವಿಧಾನಮಂಡಲದ ಮುಂದಿಡಲಿ. ನಿಮ್ಮ ಕ್ಷೇತ್ರದ ಶಾಸಕರು ಮುಂದಿನ ಸಲ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಗೆ ಬಂದಾಗ, ಕಳೆದ ವರ್ಷ ಇಲ್ಲಿ ಎಷ್ಟು ಬಾಣಂತಿಯರು ಸತ್ತರು, ಏಕೆ ಸತ್ತರು ಎಂದು ಕೇಳಿ.